ಮುಖಪುಟ ಸರಿ, ಒಳಗಿನ ಲಿಂಕೆಲ್ಲಾ 404 ಬರ್ತಿದ್ಯಾ?
ವರ್ಡ್‌ಪ್ರೆಸ್‌ನಲ್ಲಿ ಮುಖಪುಟ ಚೆನ್ನಾಗಿ ತೆರೆದು, ಯಾವ ಲೇಖನ ಒತ್ತಿದರೂ 404, ಅಂದ್ರೆ 'ಪುಟ ಸಿಗಲಿಲ್ಲ' ಅಂತ ಬರ್ತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್‌ಗೆ ಹೋಗಿ, ಏನನ್ನೂ ಬದಲಾಯಿಸದೆ ಸುಮ್ನೆ ಕೆಳಗಿನ ಸೇವ್ ಚೇಂಜಸ್ ಒತ್ತಿ. ಅಷ್ಟೇ. ಹಾಗೆ ಒತ್ತಿದಾಗ ಯಾವ ವಿಳಾಸಕ್ಕೆ ಯಾವ ಪುಟ ತೋರಿಸಬೇಕು ಅನ್ನೋ ನಿಯಮಗಳನ್ನು ವರ್ಡ್‌ಪ್ರೆಸ್ ಹೊಸದಾಗಿ ಬರೆದುಕೊಳ್ಳುತ್ತದೆ. ಸೈಟನ್ನು ಬೇರೆ ಸರ್ವರ್‌ಗೆ ಸಾಗಿಸಿದಾಗಲೋ ಹೊಸ ಪ್ಲಗಿನ್ ಹಾಕಿದಾಗಲೋ ಕೆಡುವುದು ಜಾಸ್ತಿ ಇದೇ. ಸರಿಹೋಗದಿದ್ದರೆ ಅದೇ ಪುಟದಲ್ಲಿ ಸ್ವಲ್ಪ ಹೊತ್ತು 'ಪ್ಲೇನ್' ಆರಿಸಿ ಸೇವ್ ಮಾಡಿ ನೋಡಿ. ಆಗ ಲೇಖನ ತೆರೆದರೆ ಅದೇನೂ ಕಳೆದುಹೋಗಿಲ್ಲ, ತೊಂದರೆ ಇರುವುದು ಸರ್ವರ್ ಕಡೆ. (ಮತ್ತೆ ಮೊದಲಿದ್ದ ಆಯ್ಕೆಗೆ ವಾಪಸ್ ತರಲು ಮರೀಬೇಡಿ, ಇಲ್ಲದಿದ್ದರೆ ಎಲ್ಲಾ ವಿಳಾಸಗಳೂ ಬರೀ ನಂಬರ್ ಆಗಿಬಿಡುತ್ತವೆ!) ಅಪಾಚೆ ಸರ್ವರ್ ಆಗಿದ್ದು, ಈ ವಿಳಾಸದ ನಿಯಮಗಳಿರುವ ಎಚ್‌ಟಿಆಕ್ಸೆಸ್ ಫೈಲ್‌ಗೆ ಬರೆಯಲು ಅನುಮತಿ ಇಲ್ಲದಿದ್ದರೆ, ಸೇವ್ ಮಾಡಿದ ಮೇಲೆ ಪುಟದ ಕೆಳಗೆ ಕೆಲವು ಸಾಲು ಕೋಡ್ ಕಾಣಿಸುತ್ತದೆ, ಅದನ್ನು ನೀವೇ ಕಾಪಿ ಮಾಡಿ ಆ ಫೈಲ್‌ಗೆ ಹಾಕಬೇಕು. ಎಂಜಿನ್‌ಎಕ್ಸ್ (Nginx) ಅನ್ನೋ ಇನ್ನೊಂದು ಬಗೆಯ ಸರ್ವರ್ ಆ ಫೈಲನ್ನು ನೋಡುವುದೇ ಇಲ್ಲ, ಅಲ್ಲಿ ಸರ್ವರ್ ಸೆಟ್ಟಿಂಗನ್ನೇ ತಿದ್ದಬೇಕು, ಹೋಸ್ಟಿಂಗ್‌ನವರಿಗೆ ಹೇಳುವುದು ಸುಲಭ. ಇನ್ನು ಒಂದೇ ಒಂದು ಲಿಂಕ್ ಮಾತ್ರ ಕೆಟ್ಟಿದ್ದರೆ ಇದ್ಯಾವುದೂ ಬೇಡ. ವಿಳಾಸದಲ್ಲಿ ಅಕ್ಷರ ತಪ್ಪಿದೆಯಾ ನೋಡಿ, ಇಲ್ಲಾಂದ್ರೆ, ವಿಳಾಸವೇ ಬದಲಾಗಿದ್ದರೆ, ಹಳೆ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆಯದನ್ನು ಒತ್ತಿದವರನ್ನು ತಾನಾಗೇ ಹೊಸದಕ್ಕೆ ಕಳಿಸೋದು) ಹಾಕಿ.