ಪಾತ್ರೆ ಉಜ್ಜುವ ನಾರು, ಎರಡು ನೀಲಿ ಡ್ರಮ್ಮು

ಬನಶಂಕರಿಯ ನಮ್ಮ ಮನೆ ಹಿಂದೆ ಬಟ್ಟೆ ಒಗೆಯುವ ಕಲ್ಲಿತ್ತು. ವಾಷಿಂಗ್ ಮಷಿನ್ ಬಂದ ಮೇಲೆ ಅದರ ಮೇಲೆ ಕಾಗೆ ಬಿಟ್ಟು ಯಾರೂ ಕೂರುತ್ತಿರಲಿಲ್ಲ. ಆ ಜಾಗದಲ್ಲಿ ಮೀನಿನ ಕೊಳ ಕಟ್ಟಿಸಿದೆ. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ನೀರು ನಿಲ್ಲುವುದು ಎರಡೂವರೆ ಅಡಿ. ಹತ್ತಿರ ಹತ್ತಿರ 2000 ಲೀಟರ್. ಕಟ್ಟುವುದು ನಾಲ್ಕು ದಿನದಲ್ಲಿ ಮುಗಿಯಿತು. ನೀರು ಹದಕ್ಕೆ ಬರೋಕೆ ಮೂರು ತಿಂಗಳು ಹಿಡಿಯಿತು.

"ಒಂದು ವಾರ ಕ್ಯೂರಿಂಗ್ ಆದ್ರೆ ಸಾಕು ಸಾರ್, ಮೀನು ಬಿಟ್ಬಿಡಿ" ಅಂದಿದ್ದ ಮೇಸ್ತ್ರಿ. ಗೋಡೆಗೆ ಅದು ಸಾಕು, ಮೀನಿಗೆ ಸಾಲದು. ಹೊಸ ಸಿಮೆಂಟು ವಾರಗಟ್ಟಲೆ ನೀರಿಗೆ ಸುಣ್ಣ ಬಿಡುತ್ತಲೇ ಇರುತ್ತದೆ. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ; 7 ಸಮ, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ) ನೋಡುವ ಕಿಟ್ ತಂದು ಹನಿ ಹಾಕಿದರೆ ಪಟ್ಟಿಯ ಕೊನೆಯ ಬಣ್ಣವನ್ನೂ ದಾಟಿ ಕಡುನೀಲಿಯಾಯಿತು. ಕೈ ಅದ್ದಿದರೆ ಸೋಪಿನ ನೀರಿನ ಹಾಗೆ ಜಾರುತ್ತಿತ್ತು.

ಆಗಷ್ಟೇ ಆಯುಧಪೂಜೆ ಮುಗಿದಿತ್ತು. ಗೇಟಿಗೆ ಕಟ್ಟಿದ್ದ ಬಾಳೆಕಂದನ್ನು ಕತ್ತರಿಸಿ ಕೊಳಕ್ಕೆ ಹಾಕಿದೆ, ಎದುರು ಮನೆಯವರು ಎಸೆದಿದ್ದನ್ನೂ ಕೇಳಿ ತಂದೆ. ಬಾಳೆದಿಂಡು ಕೊಳೆಯುವಾಗ ಹುಳಿ ಹುಟ್ಟುತ್ತದೆ, ಅದು ಸುಣ್ಣವನ್ನು ಮುರಿಯುತ್ತದೆ. ಹತ್ತು ದಿನಕ್ಕೆ ನೀರು ಕಪ್ಪಾಗಿ ಗಬ್ಬು ನಾತ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ "ಚರಂಡಿ ಬ್ಲಾಕ್ ಆಗಿದೆಯಾ?" ಅಂತ ಕೇಳಿದರು. ಎಲ್ಲಾ ಬಸಿದು, ಗೋಡೆಯನ್ನು ತೆಂಗಿನ ನಾರಲ್ಲಿ ಉಜ್ಜಿ, ಇನ್ನೂ ಎರಡು ಸಲ ತುಂಬಿಸಿ ಚೆಲ್ಲಿದೆ. ಆಮೇಲೆ ಪಿಎಚ್ 8ರ ಹತ್ತಿರ ನಿಂತಿತು.

ಇನ್ನು ಯಾವ ನೀರು ತುಂಬಿಸುವುದು? ನಮಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಜೊತೆಗೊಂದು ಬೋರ್‌ವೆಲ್ ಇದೆ. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಕಾವೇರಿ 180, ಬೋರ್ 900 ಚಿಲ್ಲರೆ. ನೋಡಿದ ತಕ್ಷಣ ಕಾವೇರಿಯೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಕ್ಲೋರಿನ್ ಇದೆ. ನಮಗೆ ರಕ್ಷಣೆ, ಮೀನಿನ ಕಿವಿರಿಗೆ ಸುಟ್ಟ ಗಾಯ. ಮುಚ್ಚಿದ ಸಂಪಿನಲ್ಲಿ ಅದು ಬೇಗ ಹೋಗುವುದಿಲ್ಲ. ತೆರೆದ ಡ್ರಮ್ಮಿನಲ್ಲಿ ಬಿಸಿಲಿಗೆ ಎರಡು ದಿನ ಇಟ್ಟರೆ ಹೋಗುತ್ತದೆ. ಅವಸರ ಇದ್ದರೆ ಕ್ಲೋರಿನ್ ಮುರಿಯುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು: ಒಂದು ಪಾಲು ಕ್ಲೋರಿನ್ನಿಗೆ ಏಳು ಪಾಲು ಹೈಪೋ ಧಾರಾಳ ಸಾಕು. ಕೊಳಾಯಿ ನೀರಲ್ಲಿ ಕ್ಲೋರಿನ್ ಇರುವುದೇ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆ. ಹಾಗಾಗಿ ಇಡೀ ಕೊಳಕ್ಕೆ ಹೆಚ್ಚೆಂದರೆ ಎರಡು ಮೂರು ಚಮಚ. ಮುಷ್ಟಿಗಟ್ಟಲೆ ಸುರಿಯುವುದು ಸುಮ್ನೆ ದಂಡ.

ಬೋರ್ ನೀರಿನ ತೊಂದರೆಯೇ ಬೇರೆ. ಆಳದಿಂದ ಬಂದ ನೀರಲ್ಲಿ ಆಮ್ಲಜನಕ ಕಮ್ಮಿ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಪೈಪಿಂದ ಹಿಡಿದಾಗ ಪಿಎಚ್ 6.8 ಇದ್ದದ್ದು, ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟರೆ 7.8! ಅದಕ್ಕೇ ನೇರ ಬಿಡುವುದಿಲ್ಲ. ಹಳೇ ಶವರ್ ತಲೆ ಸಿಕ್ಕಿಸಿ, ಎತ್ತರದಿಂದ ಡ್ರಮ್ಮಿಗೆ ಸುರಿಸಿ, ಒಂದು ದಿನ ಬಿಟ್ಟು ಬಳಸುತ್ತೇನೆ.

2024ರ ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂದಿತು. ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ನೀರನ್ನು ಮೀನಿಗೆ ಸುರಿಯೋಕೆ ನನಗೂ ಒಂಥರಾ ಆಯಿತು. ಅವತ್ತಿಂದ ಕಾವೇರಿ ನಿಲ್ಲಿಸಿದೆ. ಈಗ ಬೋರ್ ಅರ್ಧ, ಟೆರೇಸಿನ ಮಳೆ ನೀರು ಅರ್ಧ. ಮೊದಲ ಮಳೆಯ ನೀರು ಧೂಳು, ಪಾರಿವಾಳದ ಹಿಕ್ಕೆ ಎಲ್ಲಾ ತರುತ್ತದೆ, ಅದನ್ನು ಆಚೆ ಬಿಡುತ್ತೇನೆ. ಬರೀ ಮಳೆ ನೀರಾದರೂ ಆಗುವುದಿಲ್ಲ. ಮೀನಿನ ಹೊಲಸನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಹುಳಿ ಬಿಡುತ್ತವೆ, ಅದನ್ನು ಹೀರಿಕೊಳ್ಳುವ ಗುಣ ಮಳೆ ನೀರಿಗಿಲ್ಲ. ನಮ್ಮ ಗೀಸರ್ ಕಾಯಿಲನ್ನು ಬಿಳಿ ಕಲ್ಲು ಮಾಡಿದ ಅದೇ ಗಡಸು ಬೋರ್ ನೀರಿಗೆ ಆ ಗುಣ ಇದೆ, ಇಲ್ಲಿ ಉಪಕಾರಕ್ಕೆ ಬಂತು.

ಈಗ ಫಿಲ್ಟರ್. ಎರಡು ಸೆಕೆಂಡ್‌ಹ್ಯಾಂಡ್ ನೀಲಿ ಡ್ರಮ್ಮು, ಒಂದೊಂದೂ 200 ಲೀಟರಿನದು. ಒಳಗೆ ಮೊದಲು ಏನಿತ್ತು ಅಂತ ಕೇಳಿಯೇ ತನ್ನಿ, ಕೆಮಿಕಲ್ಲಿನದ್ದು ಬೇಡ. ಮೊದಲನೇ ಡ್ರಮ್ಮು ಖಾಲಿ. ನೀರು ಪಕ್ಕದಿಂದ ನುಗ್ಗಿ ನಿಧಾನ ಸುತ್ತುತ್ತದೆ, ಕಸ ತಳಕ್ಕೆ ಇಳಿಯುತ್ತದೆ, ತಳದಲ್ಲೊಂದು ನಲ್ಲಿ. ಎರಡನೆಯದಕ್ಕೆ ಮೊದಲು ಜಲ್ಲಿ ತುಂಬಿಸಿದ್ದೆ. ತಪ್ಪು. ಆರು ತಿಂಗಳಿಗೆ ಸಂದುಗಳು ಕಟ್ಟಿಕೊಂಡವು, ಡ್ರಮ್ಮು ಅಲ್ಲಾಡಿಸೋಕೂ ಆಗಲಿಲ್ಲ. ಜಲ್ಲಿ ತೆಗೆದು, ಚಿಕ್ಕಪೇಟೆಯಿಂದ ಪಾತ್ರೆ ಉಜ್ಜುವ ಹಸಿರು ಪ್ಲಾಸ್ಟಿಕ್ ನಾರು ಇನ್ನೂರು ತಂದೆ. ಸ್ಟೀಲಿನದ್ದಲ್ಲ, ಪ್ಲಾಸ್ಟಿಕ್ಕಿನದ್ದು. ಅಂಗಡಿಯವ "ಹೋಟೆಲ್ಲಾ?" ಅಂದ. ಮೀನಿಗೆ ಅಂದರೆ ನಕ್ಕ.

ನಾರು ಯಾಕೆ? ಮೀನಿನ ಉಚ್ಚೆ, ಹಿಕ್ಕೆ, ಉಳಿದ ತಿಂಡಿ ಎಲ್ಲಾ ಸೇರಿ ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಕೊನೆಯದು ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲುವುದಕ್ಕಿಂತ ಅಂಟಿಕೊಂಡು ಕೂರುವುದೇ ಜಾಸ್ತಿ. ನಾರಿನ ಮಡಿಕೆ ಮಡಿಕೆಯಲ್ಲೂ ಅವಕ್ಕೆ ಜಾಗ. ಗೆಳೆಯನ ಕೊಳದಿಂದ ಎರಡು ಹಳೇ ಸ್ಪಂಜು ಹೆಪ್ಪಿನ ಹಾಗೆ ತಂದು ಹಾಕಿ, ನಾಲ್ಕೇ ಗೋಲ್ಡ್‌ಫಿಶ್ ಬಿಟ್ಟೆ. ಎರಡನೇ ವಾರ ಅಮೋನಿಯಾ ಏರಿತು, ನಂತರ ನೈಟ್ರೈಟ್. ದಿನಕ್ಕೆ ಕಾಲುಭಾಗ ನೀರು ಬದಲಿಸುತ್ತಾ ಕಾದೆ. ಐದು ವಾರ ಆದ ಮೇಲೆ ಎರಡೂ ಸೊನ್ನೆ.

ಪಂಪಿನ ಡಬ್ಬಿ ಮೇಲೆ ಗಂಟೆಗೆ 3000 ಲೀಟರ್ ಅಂತ ಇತ್ತು. ನಾಲ್ಕಡಿ ಎತ್ತರಕ್ಕೆ ಏರಿಸಿದಾಗ 20 ಲೀಟರಿನ ಬಕೆಟ್ ತುಂಬೋಕೆ 36 ಸೆಕೆಂಡ್. ಅಂದರೆ ಗಂಟೆಗೆ 2000. ಕೊಳದ ನೀರೆಲ್ಲಾ ಗಂಟೆಗೊಮ್ಮೆ ಸುತ್ತುತ್ತದೆ, ನನಗೆ ಅಷ್ಟು ಸಾಕು. ಫಿಲ್ಟರಿಂದ ಬಂದ ನೀರು ಬೀಳುವ ಕಡೆ ಆ ಒಗೆಯುವ ಕಲ್ಲನ್ನೇ ಓರೆಯಾಗಿ ನಿಲ್ಲಿಸಿದ್ದೇನೆ. ನೀರು ಅದರ ಮೇಲೆ ತೆಳ್ಳಗೆ ಹರಡಿ ಚಿಮ್ಮುತ್ತದೆ, ಗಾಳಿ ಸೇರುತ್ತದೆ. ಏರ್ ಪಂಪಿನ ದುಡ್ಡು ಉಳಿಯಿತು.

ನನ್ನ ದೊಡ್ಡ ಪೆದ್ದುತನ ಆದದ್ದು ಮುಂದಿನ ಯುಗಾದಿಗೆ. ಅಷ್ಟರಲ್ಲಿ ಕೊಯಿ (ಬಣ್ಣಬಣ್ಣದ ಕಾರ್ಪ್) ಮೀನೂ ಬಂದಿದ್ದವು. ಮನೆಯೆಲ್ಲಾ ಸ್ವಚ್ಛ ಮಾಡುವ ಹುರುಪಿನಲ್ಲಿ ಇನ್ನೂರು ನಾರನ್ನೂ ತೆಗೆದು, ಕೊಳಾಯಿ ನೀರಲ್ಲಿ ಪಳಪಳ ತೊಳೆದು, ಟೆರೇಸಿನ ಮೇಲೆ ಒಣಗಿಸಿದೆ. ಕಂದು ಲೋಳೆ ಒಂದು ಚೂರೂ ಉಳಿದಿರಲಿಲ್ಲ. ನೀರು ಕನ್ನಡಿ ಹಾಗಿತ್ತು, ಬಂದವರೆಲ್ಲಾ ಹೊಗಳಿದರು. ನಾಲ್ಕನೇ ದಿನ ಬೆಳಿಗ್ಗೆ ಮೀನುಗಳೆಲ್ಲಾ ಕಲ್ಲಿನ ಬುಡದಲ್ಲಿ ಗುಂಪಾಗಿ ಬಾಯಿ ಬಾಯಿ ಬಿಡುತ್ತಿದ್ದವು. ಅಮೋನಿಯಾ ಕಿಟ್ಟಿನ ಹಳದಿ ಹನಿ ಕಡುಹಸಿರಾಯಿತು, ಅಂದರೆ ಅಮೋನಿಯಾ ಏರಿತ್ತು. ಏಪ್ರಿಲ್ ಬಿಸಿಲು, ಪಿಎಚ್ 8. ಎರಡೂ ಅಮೋನಿಯಾದ ವಿಷ ಹೆಚ್ಚಿಸುವಂಥವೇ. ಮೂರು ಕೊಯಿ ಸತ್ತವು. ಅದರಲ್ಲೊಂದು, ತಲೆ ಮೇಲೆ ಕುಂಕುಮ ಇಟ್ಟ ಹಾಗಿದ್ದದ್ದು, ನನ್ನ ಮಗಳದು. ಆ ಲೋಳೆಯೇ ಫಿಲ್ಟರ್ ಅಂತ ಅವಳಿಗೆ ಹೇಗೆ ಹೇಳಲಿ?

ಈಗ ಭಾನುವಾರ ಮೊದಲನೇ ಡ್ರಮ್ಮಿನ ನಲ್ಲಿ ಬಿಡುತ್ತೇನೆ, ಆ ಕಂದು ನೀರು ಕರಿಬೇವಿಗೆ. ನಾರನ್ನು ಎರಡು ತಿಂಗಳಿಗೊಮ್ಮೆ, ಅದೂ ಕಾಲುಭಾಗ ಮಾತ್ರ, ಕೊಳದ ನೀರಲ್ಲೇ ಅದ್ದಿ ಹಿಂಡಿ ವಾಪಸ್. ಮಳೆಗಾಲದಲ್ಲಿ ಕರೆಂಟ್ ಆರೇಳು ಗಂಟೆ ಹೋದರೆ ನಿಂತ ನೀರಲ್ಲಿ ಗಾಳಿ ಮುಗಿದು ಡ್ರಮ್ಮು ನಾರುತ್ತದೆ. ಆಗ ಅದನ್ನು ಪೂರ್ತಿ ಬಸಿದು ಆಮೇಲೆ ಪಂಪ್ ಹಾಕುತ್ತೇನೆ.

ಬೇಸಿಗೆಯಲ್ಲಿ ನೀರು ಹಸಿರಾಗುತ್ತದೆ. ಶೇಡ್ ನೆಟ್ ಕಟ್ಟಿ ಅಂತರಗಂಗೆ ಬಿಟ್ಟಿದ್ದೇನೆ. ಪೂರ್ತಿ ಹೋಗಿಲ್ಲ. ಯುಗಾದಿ ಬಂದಾಗ ಮಾತ್ರ ನಾನು ಡ್ರಮ್ಮಿನ ಹತ್ತಿರ ಸುಳಿದರೂ ಮಗಳು ಹಿಂದೆಯೇ ಬಂದು ನಿಲ್ಲುತ್ತಾಳೆ.