ವಿದೇಶದಲ್ಲಿ ಎಂಬಿಬಿಎಸ್ ಮುಗೀತಾ? ವಿಮಾನ ಹತ್ತುವ ಮುಂಚೆ ಕಾಗದ ನೋಡಿ

ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದ ಮಕ್ಕಳು ಇಲ್ಲಿ ಪ್ರಾಕ್ಟೀಸ್ ಮಾಡಲು ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಹಗಲು ರಾತ್ರಿ ಓದುತ್ತಾರೆ. ಆದರೆ ಅರ್ಜಿಗೆ ಹಚ್ಚುವ ಕಾಗದಗಳನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ನಮ್ಮ ನೆಂಟರ ಹುಡುಗನೊಬ್ಬ ಹೆಸರಿನ ಒಂದು ಅಕ್ಷರಕ್ಕಾಗಿ ಆರು ತಿಂಗಳು ಮನೆಯಲ್ಲಿ ಕೂತ. ಅವನ ಅಮ್ಮನ ಮುಖ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

1. ನಿಯಮಕ್ಕೆ ಕೂಡುತ್ತದಾ ನೋಡಿ

2021ರ ನವೆಂಬರ್ 18ರ ನಂತರ ಸೇರಿದವರಿಗೆ ನಿಯಮ ಬಿಗಿ. ಕನಿಷ್ಠ 54 ತಿಂಗಳ ಓದು, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಸೇರಿದ 10 ವರ್ಷದೊಳಗೆ ಇವೆಲ್ಲ ಮುಗಿದಿರಬೇಕು. ಆ ದೇಶದಲ್ಲಿ ಅಲ್ಲಿನವರ ಹಾಗೆಯೇ ಪ್ರಾಕ್ಟೀಸ್ ಮಾಡುವ ಅರ್ಹತೆಯೂ ಬೇಕು. ಕಾಲೇಜಿನಿಂದ ಸೇರಿದ ತಾರೀಖು, ಮುಗಿದ ತಾರೀಖು ಎರಡೂ ಇರುವ ಪತ್ರ ಬರೆಸಿಕೊಳ್ಳಿ. 'ಆರು ವರ್ಷದ ಕೋರ್ಸ್' ಅಂತಷ್ಟೇ ಬರೆದರೆ ಓದಿದ್ದೆಷ್ಟು, ಇಂಟರ್ನ್‌ಶಿಪ್ ಎಷ್ಟು ಅಂತ ಗೊತ್ತಾಗುವುದಿಲ್ಲ.

2. ಹೆಸರು

ಇಲ್ಲಿ ನಿಧಾನ ಮಾಡಿ. ನಮ್ಮ ಕಡೆ ಇನಿಷಿಯಲ್ ಇಡುವ ರೂಢಿ, ಅಲ್ವಾ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಹರ್ಷ ಎಂ.' ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ 'ಹರ್ಷ ಮಲ್ಲಪ್ಪ' ಆಗುತ್ತದೆ. ರಷ್ಯಾದಲ್ಲಿ ಡಿಗ್ರಿಯನ್ನು ರಷ್ಯನ್ ಲಿಪಿಯಲ್ಲಿ ಬರೆಯುತ್ತಾರೆ. ಆ ಲಿಪಿಯಲ್ಲಿ ನಮ್ಮ 'ಹ' ಇಲ್ಲ. ಅದರ ಜಾಗಕ್ಕೆ ಬರುವ ಅಕ್ಷರವನ್ನು ಇಂಗ್ಲಿಷ್‌ಗೆ ತಿರುಗಿಸಿದಾಗ 'ಖ' ಆಗುತ್ತದೆ. ಕೊನೆಗೆ ಕೈಗೆ ಬರುವ ಅನುವಾದದಲ್ಲಿ 'ಖರ್ಷ' ಅಂತಿರುತ್ತದೆ. ಒಬ್ಬನೇ ಹುಡುಗ, ಮೂರು ಹೆಸರು. 'ವಿಜಯ್' ಥರದ ಹೆಸರಿನ 'ಜ'ಕಾರಕ್ಕೂ ಇದೇ ಗತಿ.

ಅನುವಾದಕ್ಕೆ ಕೊಡುವಾಗಲೇ ಪಾಸ್‌ಪೋರ್ಟ್ ಪ್ರತಿ ಇಟ್ಟು, ಸ್ಪೆಲ್ಲಿಂಗ್ ಇದರಂತೆಯೇ ಇರಲಿ ಎಂದು ಬರೆದು ಕೊಡಿ. ಬಂದ ಕಾಗದವನ್ನು ಅಲ್ಲೇ ನಿಂತು, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಅಂಕಪಟ್ಟಿ, ಇಂಟರ್ನ್‌ಶಿಪ್ ಪತ್ರವನ್ನೂ ಬಿಡಬೇಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಊರಿಗೆ ಬಂದು ನೋಟರಿ ಅಫಿಡವಿಟ್ ಮಾಡಿಸಿದರಾಯ್ತು ಅನ್ನುವವರ ಮಾತು ಕೇಳಬೇಡಿ. ವಿಶ್ವವಿದ್ಯಾಲಯದವರೇ ಕೊಟ್ಟ ತಿದ್ದುಪಡಿ ಪತ್ರವೇ ಗಟ್ಟಿ.

ಹೆಸರು ಸರಿಯಾದ ಮೇಲಷ್ಟೇ ಡಿಗ್ರಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಅಥವಾ ಆ ದೇಶದ ಅಪೊಸ್ಟಿಲ್ (ಕಾಗದ ಅಸಲಿ ಎಂದು ಅಲ್ಲಿನ ಸರ್ಕಾರ ಹಾಕುವ ಮುದ್ರೆ) ಮಾಡಿಸಿ. ಮೊದಲೇ ಮಾಡಿಸಿದರೆ ತಪ್ಪು ಹೆಸರಿಗೇ ಮುದ್ರೆ ಬೀಳುತ್ತದೆ. ನಮ್ಮ ಹುಡುಗನಿಗೆ ಆಗಿದ್ದೂ ಇದೇ. 'ಎಲ್ಲ ನಾವು ನೋಡ್ಕೋತೀವಿ' ಅಂದ ಏಜೆಂಟ್ ದುಡ್ಡು ತಗೊಂಡು ಕಾಗದ ಓದದೆಯೇ ಸೀಲ್ ಹಾಕಿಸಿ ಕೊಟ್ಟಿದ್ದ.

3. ಪರೀಕ್ಷೆ

ವರ್ಷಕ್ಕೆ ಎರಡು ಸಲ ನಡೆಯುತ್ತದೆ. 300 ಪ್ರಶ್ನೆ, 150 ಬಂದರೆ ಪಾಸ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕಮ್ಯುನಿಟಿ ಮೆಡಿಸಿನ್‌ನಿಂದಲೇ ಓದು ಶುರು ಮಾಡಿ. ನಮ್ಮ ಲಸಿಕೆಯ ವೇಳಾಪಟ್ಟಿ, ಕ್ಷಯ ನಿವಾರಣಾ ಕಾರ್ಯಕ್ರಮ ಇವನ್ನೆಲ್ಲ ಹೊರಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಪಾಸ್ ಗ್ಯಾರಂಟಿ ಅನ್ನುವ ಕೋಚಿಂಗ್ ಪ್ಯಾಕೇಜ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

4. ನೋಂದಣಿ, ಇಂಟರ್ನ್‌ಶಿಪ್

ಪಾಸಾದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಆಮೇಲೆ ಇಲ್ಲಿನ ಇಂಟರ್ನ್‌ಶಿಪ್. ಹೊರಗೆ ಓದಿದವರಿಗೆ ಸೀಟು ಕಮ್ಮಿ, ಬೇಗ ಅರ್ಜಿ ಹಾಕಿ. ಇದಕ್ಕೆ ಕಾಲೇಜುಗಳು ಶುಲ್ಕ ಕೇಳುವಂತಿಲ್ಲ, ಇಲ್ಲಿ ಓದಿದವರಷ್ಟೇ ಸ್ಟೈಪೆಂಡ್ ಕೊಡಬೇಕು ಎಂದು 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಆ ಸುತ್ತೋಲೆಯ ಪ್ರತಿ ಜೊತೆಗಿರಲಿ.

ಈ ನಡುವೆ ಯಾವುದಾದರೂ ನರ್ಸಿಂಗ್ ಹೋಂನಲ್ಲಿ ರಾತ್ರಿ ಡ್ಯೂಟಿ ಮಾಡು ಅಂದರೆ ದಯವಿಟ್ಟು ಒಪ್ಪಬೇಡಿ. ನೋಂದಣಿ ಇಲ್ಲದೆ ಪ್ರಾಕ್ಟೀಸ್ ಮಾಡಿದರೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇಂಟರ್ನ್‌ಶಿಪ್ ಮುಗಿದರೆ ಶಾಶ್ವತ ನೋಂದಣಿ. ಔಷಧಿ ಚೀಟಿಯ ಮೇಲೆ ಆ ನೋಂದಣಿ ಸಂಖ್ಯೆ ಇರಲೇಬೇಕು. ಸೀಲ್ ಮಾಡಿಸುವಾಗ ಸಂಖ್ಯೆಯನ್ನೂ, ಹೆಸರಿನ ಸ್ಪೆಲ್ಲಿಂಗನ್ನೂ ಪ್ರಮಾಣಪತ್ರ ನೋಡಿಯೇ ಬರೆದುಕೊಡಿ.