ದೀಪದ ಮನೆತನದ ಹೆಂಗಸರು: ಸ್ಟೀವನ್ಸನ್ ವಂಶವೃಕ್ಷ ಬರೆದ ನನ್ನ ಅನುಭವ

ಎಡಿನ್‌ಬರೋದ ಜಾರ್ಜ್ ಸ್ಟ್ರೀಟಿನಲ್ಲಿ 84ನೇ ನಂಬರಿನ ಕಟ್ಟಡದ ಬಾಗಿಲ ಮೇಲೆ ಒಂದು ಪುಟ್ಟ ದೀಪಸ್ತಂಭ ಇದೆ. ಮಾದರಿ ಅಷ್ಟೇ, ಆದರೆ ಕತ್ತಲಾದ ಮೇಲೆ ನಿಜವಾಗಿಯೂ ಮಿನುಗುತ್ತದೆ. ಅದು ಸ್ಕಾಟ್ಲೆಂಡಿನ ದೀಪಸ್ತಂಭಗಳನ್ನು ನೋಡಿಕೊಳ್ಳುವ ನಾರ್ದರ್ನ್ ಲೈಟ್‌ಹೌಸ್ ಬೋರ್ಡಿನ ಕಚೇರಿ. ನಾನು ಕೆಲಸ ಮುಗಿಸಿ ಬಸ್ಸಿಗೆ ಹೋಗುವ ದಾರಿ ಅದೇ. ಕಾಪುವಿನಲ್ಲಿ ಹುಟ್ಟಿ ಬೆಳೆದ ನನಗೆ ಬಂಡೆಯ ಮೇಲಿನ ದೀಪಸ್ತಂಭ ಅಂದರೆ ಮನೆಯ ನೆನಪು. ಮೊದಲ ಚಳಿಗಾಲದಲ್ಲಿ ಸುಮ್ನೆ ಆ ಬೆಳಕಿನ ಕೆಳಗೆ ಎಷ್ಟೋ ಸಲ ನಿಂತಿದ್ದೇನೆ.

ಆ ಬೋರ್ಡಿನ ಕತೆ ಓದುತ್ತಾ ಹೋದರೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಸಿಗುತ್ತದೆ. ರಾಬರ್ಟ್ ಸ್ಟೀವನ್ಸನ್, ಅವನ ಮೂವರು ಮಕ್ಕಳು, ಇಬ್ಬರು ಮೊಮ್ಮಕ್ಕಳು, ಒಬ್ಬ ಮರಿಮೊಮ್ಮಗ. ಏಳು ಜನ ಎಂಜಿನಿಯರುಗಳು, ಎಲ್ಲರೂ ದೀಪಸ್ತಂಭ ಕಟ್ಟಿದವರು. ಇವರ ವಂಶವೃಕ್ಷವನ್ನು ಕನ್ನಡದಲ್ಲಿ ಬರೆಯಬೇಕು ಅನ್ನಿಸಿತು. ಎರಡು ವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು.

ಮೊದಲ ತಪ್ಪು ನಮ್ಮ ಲಿಪಿಯಿಂದಲೇ ಆಯಿತು. ಕನ್ನಡದಲ್ಲಿ ಸ್ಟೀವನ್ಸನ್ ಎಂದು ಬರೆದುಬಿಟ್ಟರೆ ಆಯಿತು. ಆದರೆ ಇಂಗ್ಲಿಷಿನಲ್ಲಿ ಆ ಹೆಸರಿಗೆ ಎರಡು ಬರಹ. ದೀಪಸ್ತಂಭದವರದು ‘ವಿ’, ರೈಲ್ವೆಯ ಜಾರ್ಜ್ ಸ್ಟೀವನ್ಸನ್‌ದು ‘ಪಿಎಚ್’. ಆ ಜಾರ್ಜ್ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನವನು. ಅವನ ಮಗನ ಹೆಸರೂ ರಾಬರ್ಟ್, ಅವನೂ ಎಂಜಿನಿಯರ್. ನಮ್ಮ ರಾಬರ್ಟ್ ಕೂಡ ರೈಲು ಮಾರ್ಗಗಳ ಸರ್ವೆ ಮಾಡಿದ್ದ. ನಾನು ಟಿಪ್ಪಣಿಯನ್ನೆಲ್ಲ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಇಬ್ಬರು ರಾಬರ್ಟರ ಸೇತುವೆ, ರೈಲು, ಹುಟ್ಟು, ಸಾವು ಎಲ್ಲ ಒಂದೇ ಹಾಳೆಯಲ್ಲಿ ಕಲಸಿಹೋಗಿದ್ದವು. ಅವೆರಡು ಮನೆತನಗಳಿಗೆ ಸಂಬಂಧವೇ ಇಲ್ಲ. ಆ ಹಾಳೆ ಹರಿದು ಹೊಸದಾಗಿ ಶುರು ಮಾಡಿದೆ. ಅಂದಿನಿಂದ ಹೆಸರಿನ ಪಕ್ಕದಲ್ಲೇ ಹುಟ್ಟಿದ ವರ್ಷ ಬರೆಯುವ ಅಭ್ಯಾಸ ಮಾಡಿಕೊಂಡೆ. ರಾಬರ್ಟ್ 1772. ಆ ಇನ್ನೊಬ್ಬ ರಾಬರ್ಟ್ 1803.

ಈ ಅಭ್ಯಾಸ ಆಮೇಲೆ ಬಹಳ ಕಾಪಾಡಿತು. ಯಾಕೆಂದರೆ ಈ ಮನೆಯಲ್ಲಿ ಆಲನ್ ಎಂಬ ಹೆಸರೇ ಐದು ಸಲ ಬರುತ್ತದೆ. ರಾಬರ್ಟನ ಅಪ್ಪ ಆಲನ್. ರಾಬರ್ಟನ ಮಗ ಆಲನ್, 1807. ಆ ಮಗನ ಮಗ ರಾಬರ್ಟ್ ಆಲನ್, 1847. ಇನ್ನೊಬ್ಬ ಮಗ ಡೇವಿಡ್‌ನ ಮಗ ಡೇವಿಡ್ ಆಲನ್, 1854. ಅವನ ತಮ್ಮ ಚಾರ್ಲ್ಸ್‌ನ ಮಗನೂ ಡೇವಿಡ್ ಆಲನ್, 1891. ಸ್ಕಾಟ್ಲೆಂಡಿನಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ಹಳೆಯ ಪದ್ಧತಿ ಇತ್ತು. ಎಲ್ಲರೂ ತಪ್ಪದೆ ಪಾಲಿಸಿದರು ಅಂತಲ್ಲ, ಆದರೆ ಸುಳಿವಿಗೆ ಸಾಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮಗೇನು ಹೊಸದಲ್ಲ ಅಲ್ವಾ?

ಹಾಳೆಯಲ್ಲಿ ಇನ್ನೊಂದು ನಿಯಮ ಇಟ್ಟುಕೊಂಡೆ. ಎಲ್ಲೋ ಓದಿದ್ದು, ಯಾರೋ ಹೇಳಿದ್ದು ಪೆನ್ಸಿಲಿನಲ್ಲಿ. ದಾಖಲೆ ಕಣ್ಣಾರೆ ನೋಡಿದ ಮೇಲೆ ಪೆನ್ನಿನಲ್ಲಿ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದಕ್ಕೆ ಚರ್ಚುಗಳ ಹಳೆಯ ಪುಸ್ತಕಗಳೇ ಗತಿ. ಈಗ ಇವೆರಡೂ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಕ್ರೆಡಿಟ್ ಕೊಂಡು ಪುಟ ತೆರೆಯಬೇಕು. ಹೆಬ್ಬಾತಿನ ಗರಿಯಲ್ಲಿ ಬರೆದ ಅಕ್ಷರ, ‘ಎಸ್’ ನೋಡಿದರೆ ‘ಎಫ್’ ಥರ ಕಾಣುತ್ತದೆ. ಮೊದಮೊದಲು ಒಂದು ಸಾಲು ಓದಲು ಅರ್ಧ ಗಂಟೆ ಬೇಕಾಗುತ್ತಿತ್ತು. ಗೊತ್ತಿರುವ ಒಂದು ಪದ ಹುಡುಕಿ, ಅದರ ಅಕ್ಷರಗಳನ್ನು ಕಾಗದದಲ್ಲಿ ಅಚ್ಚು ತೆಗೆದು, ಗೊತ್ತಿಲ್ಲದ ಪದದ ಜೊತೆ ಹೋಲಿಸುತ್ತಾ ಹೋದೆ. ಅದೇ ನನಗೆ ದಾರಿಯಾಯಿತು.

ಆರು ತಿಂಗಳಲ್ಲಿ ಹಾಳೆ ತುಂಬಿತು. ಫೋಟೋ ತೆಗೆದು ಊರಿಗೆ ಅಮ್ಮನಿಗೆ ಕಳಿಸಿದೆ. ಫೋನ್ ಮಾಡಿ ಅಮ್ಮ ಕೇಳಿದ ಮೊದಲ ಮಾತು: “ಇವರೆಲ್ಲ ಯಾವ ಬಳಿ? ಹೆಂಗಸರೇ ಇಲ್ವಲ್ಲ ಇದರಲ್ಲಿ.”

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಬಳಿ, ಅಂದರೆ ಕುಲ, ಬರುವುದು ಅಮ್ಮನಿಂದ. ಅಳಿಯಸಂತಾನದ ಕಟ್ಟು ಕಾನೂನಿನಲ್ಲಿ ಸಡಿಲವಾಗಿರಬಹುದು, ಆದರೆ ಯಾರು ಯಾರ ಮಗ ಅಂತ ಕೇಳುವಾಗ ಇವತ್ತಿಗೂ ಅಮ್ಮನ ಕಡೆಯಿಂದಲೇ ಕೇಳುತ್ತೇವೆ. ಅಂಥ ಮನೆಯಲ್ಲಿ ಬೆಳೆದ ನಾನೇ ಗಂಡಸರ ಹೆಸರನ್ನಷ್ಟೇ ಗೆರೆ ಎಳೆದು ಜೋಡಿಸಿದ್ದೆ. ಅಮ್ಮನ ಮಾತು ನನ್ನನ್ನು ಬಹಳ ತಟ್ಟಿತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕೆಂಪು ಪೆನ್ನು, ಹೆಂಗಸರ ಗೆರೆಗೆ.

ಇದಕ್ಕೆ ಸ್ಕಾಟ್ಲೆಂಡಿನ ದಾಖಲೆಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಮದುವೆಯಾದ ಹೆಂಗಸಿನ ತವರು ಹೆಸರು ಅಳಿಯುವುದಿಲ್ಲ. ಸಮಾಧಿ ಕಲ್ಲಿನಲ್ಲೂ ಎಷ್ಟೋ ಕಡೆ ಆ ಹೆಸರೇ ಇರುತ್ತದೆ. 1855ರ ನಂತರದ ಮರಣ ದಾಖಲೆಯಲ್ಲಿ ಸತ್ತವರ ಅಪ್ಪನ ಹೆಸರಿನ ಜೊತೆ ಅಮ್ಮನ ತವರು ಹೆಸರನ್ನೂ ಬರೆಯುತ್ತಾರೆ. 1855ನೇ ಇಸವಿಯೊಂದರಲ್ಲಿ ಇನ್ನೂ ಜಾಸ್ತಿ ವಿವರ ಕೇಳುತ್ತಿದ್ದರು. ಬರೆಯುವವರಿಗೆ ಹೊರೆಯಾಯಿತೆಂದು ಮರುವರ್ಷ ಕಡಿಮೆ ಮಾಡಿದರು. ಹಾಗಾಗಿ ಆ ವರ್ಷದ ದಾಖಲೆ ಸಿಕ್ಕರೆ ಹುಡುಕುವವರಿಗೆ ಹಬ್ಬ.

ಕೆಂಪು ಗೆರೆ ಎಳೆಯುತ್ತಿದ್ದಂತೆ ಕತೆಯ ಮೂಲವೇ ಬೇರೆಯಾಯಿತು. ಅದು ರಾಬರ್ಟನಿಂದ ಅಲ್ಲ, ಅವನ ಅಮ್ಮ ಜೀನ್ ಲಿಲ್ಲಿಯಿಂದ ಶುರುವಾಗುತ್ತದೆ. ರಾಬರ್ಟ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ. ಅವನ ಅಪ್ಪ ಆಲನ್ ವೆಸ್ಟ್ ಇಂಡೀಸ್ ವ್ಯಾಪಾರದಲ್ಲಿದ್ದ. 1774ರಲ್ಲಿ ಸೇಂಟ್ ಕಿಟ್ಸ್ ದ್ವೀಪದಲ್ಲಿ ಜ್ವರ ಬಂದು ತೀರಿಕೊಂಡ. ಮಗುವಿಗೆ ಆಗ ಎರಡು ವರ್ಷ. ಜೀನ್ ಮಗನನ್ನು ಕಟ್ಟಿಕೊಂಡು ಕಷ್ಟದಲ್ಲಿ ದಿನ ದೂಡಿದಳು. ಪಾದ್ರಿ ಮಾಡಬೇಕು ಅಂತ ಆಸೆ ಇಟ್ಟುಕೊಂಡಿದ್ದಳು. ಮುಂದೆ ಎಡಿನ್‌ಬರೋದ ಥಾಮಸ್ ಸ್ಮಿತ್‌ನನ್ನು ಮದುವೆಯಾದಳು. ಥಾಮಸ್ ತಗಡಿನ ಕೆಲಸದವನು, ದೀಪ ಮಾಡುತ್ತಿದ್ದವನು. 1786ರಲ್ಲಿ ಶುರುವಾದ ಬೋರ್ಡಿಗೆ ಮೊದಲ ಎಂಜಿನಿಯರ್ ಅವನೇ. 1787ರ ಡಿಸೆಂಬರ್ 1ರಂದು ಕಿನ್ನೇರ್ಡ್ ಹೆಡ್‌ನಲ್ಲಿ ಮೊದಲ ದೀಪ ಹಚ್ಚಿದವನೂ ಅವನೇ. ಅವನ ಕೈಕೆಳಗೆ ರಾಬರ್ಟ್ ಕೆಲಸ ಕಲಿತ. ಜೀನ್ ಆ ಮನೆಗೆ ಕಾಲಿಡದಿದ್ದರೆ ಈ ಮನೆತನಕ್ಕೂ ದೀಪಕ್ಕೂ ನಂಟೇ ಇರುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಲಿಲ್ಲ. ಥಾಮಸ್‌ಗೆ ಮೊದಲ ಹೆಂಡತಿಯಿಂದ ಒಬ್ಬಳು ಮಗಳಿದ್ದಳು. ಅವಳ ಹೆಸರೂ ಜೀನ್. 1799ರಲ್ಲಿ ರಾಬರ್ಟ್ ಅವಳನ್ನೇ ಮದುವೆಯಾದ. ವಂಶವೃಕ್ಷದ ಸಾಫ್ಟ್‌ವೇರಿನಲ್ಲಿ ಇದನ್ನು ಹಾಕಿದಾಗ ಗೆರೆಗಳೆಲ್ಲ ಒಂದರ ಮೇಲೊಂದು ಹತ್ತಿ ಏನೂ ಕಾಣದಂತಾಯಿತು. ಇಬ್ಬರು ಜೀನ್, ಒಬ್ಬಳು ಅಮ್ಮ, ಒಬ್ಬಳು ಹೆಂಡತಿ. ದಾಖಲೆಗಳಲ್ಲಿ ಜೀನ್, ಜೇನ್ ಎರಡೂ ಒಂದಕ್ಕೊಂದು ಬದಲಾಗಿ ಬರುತ್ತವೆ. ಕೊನೆಗೆ ಕಂಪ್ಯೂಟರ್ ಬಿಟ್ಟು ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮ ಸಂಬಂಧದ ಪದಗಳಲ್ಲೇ ಬರೆದೆ. ಥಾಮಸ್ ಸ್ಮಿತ್ ರಾಬರ್ಟನಿಗೆ ಮಲತಂದೆ, ಮಾವ, ಗುರು. ರಾಬರ್ಟನ ಮಕ್ಕಳಿಗೆ ಅಪ್ಪನ ಅಮ್ಮ ಮತ್ತು ಅಮ್ಮನ ಅಪ್ಪ ಗಂಡ ಹೆಂಡತಿ. ಫೋನಿನಲ್ಲಿ ಹೀಗೆ ಹೇಳಿದ ಕೂಡಲೇ ಅಮ್ಮನಿಗೆ ಅರ್ಥವಾಯಿತು. ‘ಅಂಕಲ್’, ‘ಕಸಿನ್’ ಅಂತ ಬರೆದುಕೊಂಡಿದ್ದಾಗ ನನಗೇ ತಲೆಗೆ ಹತ್ತುತ್ತಿರಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಅಂದ ತಕ್ಷಣ ಯಾರು ಹಿರಿಯ, ಯಾರು ಕಿರಿಯ ಎಂಬುದೂ ತಾನಾಗಿ ಬಂತು.

ರಾಬರ್ಟ್ ಹೆಸರು ಮಾಡಿದ್ದು ಬೆಲ್ ರಾಕ್‌ನಿಂದ. ಆರ್‌ಬ್ರೋತ್ ಊರಿನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಸಮುದ್ರದೊಳಗಿನ ಬಂಡೆ ಅದು. ನೀರು ಇಳಿದಾಗ ಕೆಲವೇ ಗಂಟೆ ಮೇಲೆ ಕಾಣುತ್ತದೆ. 1807ರಲ್ಲಿ ಕೆಲಸ ಶುರುವಾಯಿತು, 1811ರ ಫೆಬ್ರವರಿ 1ರಂದು ದೀಪ ಹತ್ತಿತು. ಜಾನ್ ರೆನ್ನಿ ಎಂಬ ದೊಡ್ಡ ಎಂಜಿನಿಯರಿಗೆ ಇದರಲ್ಲಿ ಎಷ್ಟು ಪಾಲು ಎಂಬ ಜಗಳ ಮುಂದೆ ಎರಡು ಮನೆತನಗಳ ನಡುವೆ ಉಳಿಯಿತು.

ಮೊದಲ ವರ್ಷದ ಸೆಪ್ಟೆಂಬರಿನಲ್ಲಿ ಒಂದು ದಿನ ಕೆಲಸದವರ ಹಡಗು ಕಟ್ಟು ಕಿತ್ತುಕೊಂಡು ತೇಲಿಹೋಯಿತು. ಬಂಡೆಯ ಮೇಲೆ 32 ಜನ. ಉಳಿದ ದೋಣಿಗಳು ಎರಡೇ. ನೀರು ಏರುತ್ತಿತ್ತು. ರಾಬರ್ಟ್ ಅವರಿಗೆ ಏನೋ ಹೇಳಲು ಹೋದ, ಬಾಯಿ ಒಣಗಿ ಮಾತೇ ಹೊರಡಲಿಲ್ಲ. ಬಗ್ಗಿ ಕಲ್ಲಿನ ಹೊಂಡದ ಉಪ್ಪುನೀರಿನಲ್ಲೇ ಬಾಯಿ ತೇವ ಮಾಡಿಕೊಂಡ. ತಲೆ ಎತ್ತುವಷ್ಟರಲ್ಲಿ ಯಾರೋ “ದೋಣಿ! ದೋಣಿ!” ಎಂದು ಕೂಗಿದರು. ದಡದಿಂದ ಕಾಗದ ತರುತ್ತಿದ್ದ ದೋಣಿ ಅದು. ಎಲ್ಲರೂ ಬದುಕಿದರು.

ಇದನ್ನು ಓದಿದಾಗ ನನ್ನ ಬಾಯಿಯೂ ಒಣಗಿತ್ತು. ಮೀನುಗಾರರ ಊರಲ್ಲಿ ಬೆಳೆದವರಿಗೆ ಏರುವ ನೀರು ಅಂದರೆ ಏನು ಅಂತ ಗೊತ್ತು. ಆದರೆ ನಾನು ಹೇಳಬೇಕಾದ್ದು ಇದು: ಈ ವಿವರ ನಮ್ಮ ಕೈಗೆ ಸಿಕ್ಕಿದ್ದು 1824ರಲ್ಲಿ ಅಚ್ಚಾದ ರಾಬರ್ಟನ ಬರಹದಿಂದ. ಆ ಬರಹ ಸಿದ್ಧವಾಗುವಾಗ ಅಪ್ಪನ ಜೊತೆ ಕೂತು ಬರೆದುಕೊಂಡವಳು ಹಿರಿಯ ಮಗಳು ಜೇನ್. ನನ್ನ ಮೊದಲ ಹಾಳೆಯಲ್ಲಿ ಅವಳ ಹೆಸರೇ ಇರಲಿಲ್ಲ.

ಆ ಮನೆಯ ಹೆಂಡತಿ ಜೀನ್ ಸ್ಮಿತ್‌ಳ ಗೆರೆ ಎಳೆಯುವ ದಿನ ಮನಸ್ಸು ಭಾರವಾಯಿತು. ಹುಟ್ಟಿದ ಮಕ್ಕಳಲ್ಲಿ ದೊಡ್ಡವರಾಗಿ ಬಾಳಿದವರು ಐವರು ಮಾತ್ರ. ಬೆಲ್ ರಾಕ್‌ನ ಮೊದಲ ಹಂಗಾಮು ಮುಗಿದ ಆ ಚಳಿಗಾಲದಲ್ಲೇ ಮೂರು ಮಕ್ಕಳು ಹೋದರು. ಅವಳಿಗಳಿಬ್ಬರು ನಾಯಿಕೆಮ್ಮಿನಿಂದ, ಅವರ ಹಿಂದೆಯೇ ಒಂದು ಹಸುಳೆ. ಬೆಲ್ ರಾಕ್‌ನ ಕತೆ ಹೇಳುವಾಗ ಎಲ್ಲರೂ ಕಲ್ಲಿನ ಲೆಕ್ಕ ಕೊಡುತ್ತಾರೆ. ನಾನು ಆ ಮೂವರನ್ನೂ ಕೆಂಪಿನಲ್ಲಿ ಬರೆದೆ. ಬದುಕಲಿಲ್ಲ ಅಂತ ಬಿಡಲು ಕೈ ಬರಲಿಲ್ಲ.

ಮುಂದಿನವರದು, ರಾಬರ್ಟನ ಆ ಮೂವರು ಎಂಜಿನಿಯರ್ ಮಕ್ಕಳದು, ಬೇಗ ಹೇಳುತ್ತೇನೆ. ಆಲನ್ 1844ರಲ್ಲಿ ಸ್ಕೆರ್ರಿವೋರ್ ದೀಪಸ್ತಂಭ ಮುಗಿಸಿದ, 48 ಮೀಟರ್ ಎತ್ತರ. ನನ್ನ ಕಣ್ಣಿಗೆ ಈ ಮನೆತನ ಕಟ್ಟಿದ್ದರಲ್ಲೇ ಚೆಂದದ್ದು ಅದು. ಡೇವಿಡ್ ಬ್ರಿಟನ್ನಿನ ಉತ್ತರ ತುದಿಯ ಮಕಲ್ ಫ್ಲಗ್ಗಾದಲ್ಲಿ ಕಟ್ಟಿದ. ಥಾಮಸ್, ಹವಾಮಾನ ಕೇಂದ್ರಗಳಲ್ಲಿ ಇವತ್ತಿಗೂ ಕಾಣುವ ಬಿಳಿ ಪಟ್ಟಿಗಳ ಪೆಟ್ಟಿಗೆ ಮಾಡಿದವನು. ಉಷ್ಣಮಾಪಕ ಇಡುವ ಆ ಪೆಟ್ಟಿಗೆಗೆ ಸ್ಟೀವನ್ಸನ್ ಪೆಟ್ಟಿಗೆ ಎಂದೇ ಹೆಸರು.

ಥಾಮಸ್‌ನ ಒಬ್ಬನೇ ಮಗ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್. ಅವನ ಜನನ ಹುಡುಕುವಾಗ ‘ಲೂಯಿ’ ಎಂದು ಹಾಕಿ ಹಾಕಿ ಸಾಕಾಯಿತು. ಇಟ್ಟ ಹೆಸರು ರಾಬರ್ಟ್ ಲೂಯಿಸ್ ಬಾಲ್ಫರ್. ಬೆಳೆದ ಮೇಲೆ ಬರಹ ಬದಲಿಸಿಕೊಂಡ. ರಾಬರ್ಟ್ ಎಂಬುದು ಅಪ್ಪನ ಅಪ್ಪನ ಹೆಸರು. ಲೂಯಿಸ್ ಬಾಲ್ಫರ್ ಎಂಬುದು ಅಮ್ಮನ ಅಪ್ಪನ ಹೆಸರು, ಕಾಲಿಂಟನ್‌ನಲ್ಲಿ ಪಾದ್ರಿಯಾಗಿದ್ದವರು. ಇಲ್ಲೂ ಅಮ್ಮನ ಕಡೆ ಹೋದಾಗಲೇ ಬಾಗಿಲು ತೆರೆಯಿತು. ಅಪ್ಪನ ಅಪ್ಪ ರಾಬರ್ಟ್ ತೀರಿಕೊಂಡದ್ದು 1850ರ ಜುಲೈನಲ್ಲಿ, ಮೊಮ್ಮಗ ಹುಟ್ಟಿದ್ದು ಅದೇ ನವೆಂಬರಿನಲ್ಲಿ. ಅವನೂ ಎಂಜಿನಿಯರಿಂಗ್ ಓದಿದ, 1871ರಲ್ಲಿ ದೀಪಸ್ತಂಭದ ಬೆಳಕಿನ ಬಗ್ಗೆಯೇ ಪ್ರಬಂಧ ಓದಿ ಬೆಳ್ಳಿ ಪದಕ ಪಡೆದ. ಅದೇ ವರ್ಷ ಅಪ್ಪನಿಗೆ ‘ನನ್ನಿಂದ ಇದು ಆಗದು’ ಎಂದು ತಿಳಿಸಿದ. ಕೊನೆಯ ವರ್ಷಗಳಲ್ಲಿ ಸಮೋವಾ ದ್ವೀಪದಲ್ಲಿ ಕೂತು ಇದೇ ವಂಶದ ಕತೆ ಬರೆಯುತ್ತಿದ್ದ. ಮುಗಿಸುವ ಮೊದಲೇ, 1894ರಲ್ಲಿ, ತೀರಿಕೊಂಡ.

ಅವನ ದೊಡ್ಡಪ್ಪ ಆಲನ್‌ಗೆ ಕ್ಯಾಥರೀನ್ ಎಂಬ ಮಗಳಿದ್ದಳು. ಅವಳೂ ಬರಹಗಾರ್ತಿ. ಇನ್ನೊಬ್ಬ ದೊಡ್ಡಪ್ಪ ಡೇವಿಡ್‌ನ ಮೊಮ್ಮಗಳು ಡೊರೋಥಿ ಎಮಿಲಿ, 1892. ಕಾಲೇಜಿಗೆ ಕಳಿಸಲು ಅವಳ ಅಪ್ಪ ಒಪ್ಪಲಿಲ್ಲ. ಆದರೂ ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದಳು. 1973ರವರೆಗೂ ಬದುಕಿದ್ದಳು. ಅವಳ ಅಪ್ಪ ಡೇವಿಡ್ ಆಲನ್ 1938ರವರೆಗೆ ಬೋರ್ಡಿನ ಎಂಜಿನಿಯರ್. ಅವಳ ಚಿಕ್ಕಪ್ಪ ಚಾರ್ಲ್ಸ್‌ನ ಮಗ, 1891ರ ಡೇವಿಡ್ ಆಲನ್, ಈ ಸಾಲಿನ ಕೊನೆಯ ದೀಪದ ಎಂಜಿನಿಯರ್. 1920ರ ದಶಕದಲ್ಲಿ ಭಾರತದ ದೀಪಸ್ತಂಭಗಳ ತಪಾಸಣೆಗೆ ಬಂದವನು ಅವನೇ. 1927ರಲ್ಲಿ ನಮ್ಮಲ್ಲಿ ಲೈಟ್‌ಹೌಸ್ ಕಾಯ್ದೆ ಬಂತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲಿಯದೋ ಅಂದುಕೊಂಡಿದ್ದ ಗೆರೆ ನಮ್ಮ ಸಮುದ್ರದವರೆಗೂ ಬಂದಿತ್ತು.

ಈಗ ಇರುವ ವಂಶಸ್ಥರನ್ನು ನಾನು ಹುಡುಕಲಿಲ್ಲ. ಬದುಕಿರುವವರ ಹೆಸರು ಅವರದು. ಡೊರೋಥಿಯ ಹೆಸರಿನ ಕೆಳಗೆ ಗೆರೆ ನಿಲ್ಲಿಸಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಹಾಳೆಯನ್ನು ಚಾವಡಿಯಲ್ಲಿ ಹಾಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಹೋದರು. ಡೊರೋಥಿ, ಜೇನ್, ಜೀನ್ ಸ್ಮಿತ್, ಜೀನ್ ಲಿಲ್ಲಿ. ಅಲ್ಲಿಗೆ ಬೆರಳು ನಿಂತಿತು.

“ಇವಳ ಅಮ್ಮ ಯಾರು?” ಎಂದರು.

ವಾಪಸ್ ಬಂದ ಮೇಲೆ ಮತ್ತೆ ಕ್ರೆಡಿಟ್ ಕೊಂಡಿದ್ದೇನೆ. ಗ್ಲಾಸ್ಗೋದ ಹಳೆಯ ಚರ್ಚ್ ಪುಸ್ತಕಗಳನ್ನು ತೆರೆದು ಕೂತಿದ್ದೇನೆ.